24 ವಾರದ ಗೆರೆ ಎಲ್ಲಿಂದ ಬಂತು?

ಕಾನೂನು ವಿದ್ಯಾರ್ಥಿನಿ, ಧಾರವಾಡ:
ನಮ್ಮ ದೇಶದ ಗರ್ಭಪಾತ ಕಾಯ್ದೆಯ 2021ರ ತಿದ್ದುಪಡಿಯಲ್ಲಿ ಗರ್ಭಪಾತದ ಮಿತಿ ಕೆಲವು ವರ್ಗದ ಹೆಂಗಸರಿಗೆ 20 ವಾರದಿಂದ 24ಕ್ಕೆ ಏರಿತು. ಮಗು ಹೊರಗೆ ಬದುಕಬಲ್ಲದು ಅನ್ನುವುದೇ ಈ ಗೆರೆಗೆ ಕಾರಣವಾ?

ವಕೀಲ, ಬೆಂಗಳೂರು:
ಕಾಯ್ದೆಯಲ್ಲಿ ಆ ಮಾತಿಲ್ಲ, ಆದರೆ ಕೋರ್ಟಿನಲ್ಲಿ ಬರುತ್ತದೆ. 2023ರ ಅಕ್ಟೋಬರ್ ಕೇಸು ನೋಡಿ. ಎರಡು ಮಕ್ಕಳ ತಾಯಿ, ಹೆರಿಗೆ ನಂತರದ ಖಿನ್ನತೆ, 26 ವಾರ. ಸುಪ್ರೀಂ ಕೋರ್ಟ್ ಮೊದಲು ಒಪ್ಪಿತು. ಆಮೇಲೆ ಏಮ್ಸ್ ವೈದ್ಯರೊಬ್ಬರು ಮಗು ಬದುಕುವ ಲಕ್ಷಣ ಇದೆ, ಎದೆಬಡಿತ ನಿಲ್ಲಿಸಬೇಕಾ ಎಂದು ಕೇಳಿದರು. ಪೀಠವೇ ಒಡೆಯಿತು. ತಾಯಿಯ ನಿರ್ಧಾರಕ್ಕೆ ಬೆಲೆ ಕೊಡಬೇಕು ಎಂದು ನಮ್ಮ ನ್ಯಾ. ನಾಗರತ್ನ ಗಟ್ಟಿಯಾಗಿ ನಿಂತರು. ಕೊನೆಗೆ ಮೂವರ ಪೀಠ ಅನುಮತಿ ನಿರಾಕರಿಸಿತು.

ನವಜಾತ ಶಿಶು ಘಟಕದ ನರ್ಸ್, ಮೈಸೂರು:
24 ವಾರಕ್ಕೆ ಹುಟ್ಟಿದ ಮಗು ಸುಮಾರು ಆರೇಳು ನೂರು ಗ್ರಾಂ ಇರುತ್ತದೆ. ತೆಳು ಚರ್ಮದಡಿ ರಕ್ತನಾಳಗಳೆಲ್ಲ ಕಾಣುತ್ತವೆ. ಉಸಿರುಚೀಲ ಅರಳಲಿ ಅಂತ ಸಣ್ಣ ಕೊಳವೆಯಲ್ಲಿ ಸರ್ಫ್ಯಾಕ್ಟಂಟ್ ಬಿಡುತ್ತೇವೆ. ಈ ಔಷಧ, ವೆಂಟಿಲೇಟರ್ ಇಲ್ಲದ ಕಡೆ ಅದೇ ಮಗು ಉಳಿಯುವುದು ತುಂಬಾ ಕಷ್ಟ. ಹಾಗಾದರೆ 'ಬದುಕಬಲ್ಲದು' ಅನ್ನುವುದು ಊರಿಂದ ಊರಿಗೆ ಬದಲಾಗುತ್ತದೆ, ಅಲ್ವಾ? ಉಳಿದರೂ ಕಣ್ಣು, ಮಿದುಳಿನ ತೊಂದರೆ ಜಾಸ್ತಿ. ಇಂಥ ಮಕ್ಕಳಿಗಾಗಿ ನಾವು ಜೀವ ಬಿಟ್ಟು ದುಡಿಯುತ್ತೇವೆ. ಆದರೂ ನನ್ನ ಮಟ್ಟಿಗೆ ಆ ತಾಯಿಯ ಮಾತೇ ದೊಡ್ಡದು.

ವಿದ್ಯಾರ್ಥಿನಿ:
ಅಮೆರಿಕದಲ್ಲೂ 1973ರಿಂದ 'ಬದುಕಬಲ್ಲದು' ಅನ್ನುವುದೇ ಗೆರೆಯಾಗಿತ್ತು, 2022ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟೇ ಅಳಿಸಿತು. ಮೇಡಂ, ನಿಮ್ಮ ಘಟಕಕ್ಕೆ ತಾಲೂಕುಗಳಿಂದ ಇಂಥ ಮಕ್ಕಳನ್ನು ಕಳಿಸುತ್ತಾರಾ?