ತೋಟದ ಕಳ್ಳತನದ ಬಗ್ಗೆ ಸಂದರ್ಶನ: ಏನು ಕೇಳಬೇಕು, ಏನು ಕೇಳಬಾರದು? (ಪ್ರಶ್ನೋತ್ತರ)

ಪ್ರಶ್ನೆ: ಎಂ.ಎಸ್.ಡಬ್ಲ್ಯೂ. ವಿದ್ಯಾರ್ಥಿನಿ, ಹಾಸನ

ನಮಸ್ಕಾರ ಮೇಡಂ. ನಾನು ಸಮಾಜಕಾರ್ಯ ಸ್ನಾತಕೋತ್ತರ ಪದವಿಯ ಕೊನೆಯ ವರ್ಷದಲ್ಲಿದ್ದೇನೆ. ಸಕಲೇಶಪುರ ಮತ್ತು ಮೂಡಿಗೆರೆ ಕಡೆಯ ತೋಟಗಳಲ್ಲಿ ನಡೆಯುವ ಕಾಫಿ, ಕಾಳುಮೆಣಸಿನ ಕಳ್ಳತನವನ್ನು ಕಿರು ಪ್ರಬಂಧದ ವಿಷಯವಾಗಿ ಆರಿಸಿಕೊಂಡಿದ್ದೇನೆ. ಕೆಲಸಗಾರರು, ರೈಟರುಗಳು (ತೋಟದ ಹಾಜರಿ, ಲೆಕ್ಕ ನೋಡಿಕೊಳ್ಳುವವರು), ಮಾಲೀಕರು ಹಾಗೂ ಹಿಂದೆ ಕಳವಿನ ಪ್ರಕರಣಗಳಲ್ಲಿ ಸಿಕ್ಕಿಬಿದ್ದವರನ್ನು ಮಾತನಾಡಿಸುವ ಉದ್ದೇಶವಿದ್ದು, ಅದಕ್ಕಾಗಿ 42 ಪ್ರಶ್ನೆಗಳ ಪಟ್ಟಿಯೊಂದನ್ನು ಸಿದ್ಧಪಡಿಸಿದ್ದೇನೆ. ಪರಿಚಯದ ಮಾಲೀಕರೊಬ್ಬರು, ‘ನಮ್ಮ ಆಫೀಸಿನಲ್ಲೇ ಕುಳಿತುಕೊಳ್ಳಮ್ಮ, ಆಳುಗಳನ್ನು ಒಬ್ಬೊಬ್ಬರಾಗಿ ಕಳಿಸುತ್ತೇನೆ’ ಎಂದು ಹೇಳಿದ್ದಾರೆ. ಈ ಏರ್ಪಾಡು ಸರಿಯೇ? ಪ್ರಶ್ನೆಗಳು ಹೇಗಿರಬೇಕು? ‘ನೀವು ಹೇಳಿದ್ದು ಯಾರಿಗೂ ಗೊತ್ತಾಗುವುದಿಲ್ಲ’ ಎಂದು ಭರವಸೆ ಕೊಡಬಹುದೇ?

ಉತ್ತರ: ಅಪರಾಧಶಾಸ್ತ್ರದ ನಿವೃತ್ತ ಅಧ್ಯಾಪಕಿ, ಚಿಕ್ಕಮಗಳೂರು

ಆ ಆಫೀಸಿನಲ್ಲಿ ದಯವಿಟ್ಟು ಕುಳಿತುಕೊಳ್ಳಬೇಡಿ. ಮಾಲೀಕರು ಒಳ್ಳೆಯ ಮನಸ್ಸಿನಿಂದಲೇ ಹೇಳಿರಬಹುದು. ಆದರೆ ಹಾಜರಿ ಪುಸ್ತಕ ಮೇಜಿನ ಮೇಲಿರುವ ಕೋಣೆಗೆ, ರೈಟರ್ ಕರೆದರೆಂದು ಕೈ ಒರೆಸಿಕೊಂಡು ಬರುವ ಕೆಲಸಗಾರ್ತಿಗೆ, ‘ಇಷ್ಟವಿಲ್ಲದಿದ್ದರೆ ಮಾತನಾಡಬೇಡಿ’ ಎಂದು ನೀವು ಎಷ್ಟು ಸಲ ಹೇಳಿದರೂ ಅದು ಅವಳ ಕಿವಿಗೆ ಬೀಳುವುದಿಲ್ಲ. ಅವಳ ಮಟ್ಟಿಗೆ ನೀವು ಸಾಹುಕಾರರ ಕಡೆಯವರು. ಒಪ್ಪಿಗೆ ಪತ್ರಕ್ಕೆ ಹೆಬ್ಬೆಟ್ಟು ಬಿದ್ದರೂ ಅದು ಒಪ್ಪಿಗೆಯಲ್ಲ. ಹೆಸರಿನ ಪಟ್ಟಿಯೂ ಮಾಲೀಕರಿಂದ ಬರಬಾರದು, ಯಾರು ಮಾತನಾಡಿದರು ಎಂಬ ಸುದ್ದಿಯೂ ಅವರಿಗೆ ತಲುಪಬಾರದು. ತೋಟದೊಳಗೆ ಕಾಲಿಡಲು ಅವರ ಅನುಮತಿ ಪಡೆಯಿರಿ, ಅಷ್ಟು ಸಾಕು. ಮಾತುಕತೆ ಮಾತ್ರ ಲೈನ್ ಮನೆಯ (ಕೆಲಸಗಾರರ ಸಾಲುಮನೆಯ) ಜಗುಲಿಯಲ್ಲೋ, ಸಂತೆಯಿಂದ ಮರಳುವ ದಾರಿಯಲ್ಲೋ, ಸ್ವಸಹಾಯ ಸಂಘದ ಸಭೆ ಮುಗಿದ ಮೇಲೋ ಆಗಲಿ. ರೊಬಸ್ಟಾ ಕೊಯ್ಲು ಜೋರಾಗಿರುವ ಜನವರಿ, ಫೆಬ್ರವರಿಯಲ್ಲಿ ಹೋದರೆ ಅವರ ದಿನಗೂಲಿಗೆ ನೀವು ಅಡ್ಡ ಬಂದಂತಾಗುತ್ತದೆ. ಮಳೆಗಾಲದ ಬಿಡುವಿನಲ್ಲಿ ಮಾತು ತಾನಾಗಿ ಬೆಳೆಯುತ್ತದೆ.

ಇನ್ನು ನಿಮ್ಮ 42 ಪ್ರಶ್ನೆಗಳ ವಿಚಾರ. ಅಷ್ಟು ಪ್ರಶ್ನೆಗಳನ್ನು ಸಾಲಾಗಿ ಕೇಳುವುದು ಸಮೀಕ್ಷೆಯಾಗುತ್ತದೆ, ಅಥವಾ ಎದುರಿಗಿರುವವರಿಗೆ ಠಾಣೆಯ ವಿಚಾರಣೆಯಂತೆ ತೋರುತ್ತದೆ. ಗುಣಾತ್ಮಕ ಸಂದರ್ಶನಕ್ಕೆ, ಅಂದರೆ ಜನರ ಅನುಭವವನ್ನು ಅವರದೇ ಮಾತಿನಲ್ಲಿ ಕೇಳುವುದಕ್ಕೆ, ಆರೇಳು ವಿಷಯಗಳ ಸೂಚಿಯೊಂದು ಕೈಯಲ್ಲಿದ್ದರೆ ಸಾಕು. ‘ಏಕೆ ಕದ್ದಿರಿ?’, ‘ಏಕೆ ದೂರು ಕೊಡಲಿಲ್ಲ?’ ಎಂಬಂಥ ಪ್ರಶ್ನೆಗಳನ್ನು ತೆಗೆದುಹಾಕಿ, ಏಕೆಂದರೆ ‘ಏಕೆ’ ಎಂದ ತಕ್ಷಣ ಮನುಷ್ಯ ಸಮಜಾಯಿಷಿ ಕೊಡಲು ತೊಡಗುತ್ತಾನೆ. ‘ಕೊಯ್ಲಿನ ಕಾಲದಲ್ಲಿ ನಿಮ್ಮ ಒಂದು ದಿನ ಹೇಗೆ ಹೋಗುತ್ತದೆ, ಬೆಳಿಗ್ಗೆಯಿಂದ ಹೇಳಿ’ ಎಂದು ಕೇಳಿ ನೋಡಿ. ಮೂಟೆ ತೂಗುವ ಹೊತ್ತು, ಕಣದ ಕಾವಲು, ಮೆಣಸು ಒಣಗಿಸುವ ಟಾರ್ಪಾಲು, ರಾತ್ರಿ ನಾಯಿ ಬೊಗಳಿದ್ದು ಎಲ್ಲವೂ ಅವರ ಬಾಯಿಂದಲೇ ಬರುತ್ತವೆ. ‘ಆಮೇಲೆ?’ ಎಂಬ ಒಂದು ಪದ ನಿಮ್ಮ ಅರ್ಧ ಪಟ್ಟಿಯ ಕೆಲಸ ಮಾಡುತ್ತದೆ. ಮೌನವನ್ನು ಸಹಿಸಿಕೊಳ್ಳುವುದನ್ನೂ ಕಲಿಯಬೇಕು. ಅವರು ಸುಮ್ಮನಾದೊಡನೆ ಮುಂದಿನ ಪ್ರಶ್ನೆಗೆ ಹಾರಿದರೆ, ಬಾಯಿಯವರೆಗೆ ಬಂದ ಮಾತು ಹಿಂದಕ್ಕೆ ಹೋಗಿಬಿಡುತ್ತದೆ.

ಒಂದು ನೆನಪನ್ನು ಹೇಳಬೇಕು. ಬಹಳ ವರ್ಷಗಳ ಹಿಂದೆ ಲೈನ್ ಮನೆಯ ಜಗುಲಿಯಲ್ಲಿ ವಯಸ್ಸಾದ ಕೆಲಸಗಾರ್ತಿಯೊಬ್ಬರು ಹುಣಸೆಹಣ್ಣಿನ ಬೀಜ ಬಿಡಿಸುತ್ತ ನನ್ನೊಡನೆ ಮಾತನಾಡುತ್ತಿದ್ದರು. ನಾನು ‘ಕಳ್ಳತನ’ ಎಂಬ ಪದ ಬಳಸಿದ ಕೂಡಲೇ ಅವರ ಕೈ ನಿಂತಿತು. ‘ಗಿಡಕ್ಕೆ ಕೈ ಹಾಕಿದ್ರೆ ಕಳ್ಳತನ ಕಣವ್ವ, ನೆಲಕ್ಕೆ ಬಿದ್ದಿದ್ದು ಭೂಮ್ತಾಯಿದು, ಆಯ್ಕಂಡ್ರೆ ಏನು?’ ಎಂದು ಕೇಳಿದರು. ಅಪರಾಧಶಾಸ್ತ್ರ ಓದಿದವರಿಗೆ ಇಲ್ಲಿ ಅಮೆರಿಕದ ಸಮಾಜಶಾಸ್ತ್ರಜ್ಞರಾದ ಗ್ರೇಶಮ್ ಸೈಕ್ಸ್ ಮತ್ತು ಡೇವಿಡ್ ಮಾಟ್ಜಾ ನೆನಪಾಗುತ್ತಾರೆ. ತಪ್ಪು ಮಾಡಿದವರು ತಮ್ಮ ಮನಸ್ಸಾಕ್ಷಿಯನ್ನು ಸಮಾಧಾನಪಡಿಸಿಕೊಳ್ಳುವ ಐದು ಬಗೆಗಳನ್ನು ಅವರು 1957ರಲ್ಲಿ ಗುರುತಿಸಿದರು: ಹೊಣೆ ನನ್ನದಲ್ಲ ಎನ್ನುವುದು, ಯಾರಿಗೂ ನಷ್ಟವಾಗಲಿಲ್ಲ ಎನ್ನುವುದು, ಕಳೆದುಕೊಂಡವನು ಅದಕ್ಕೆ ತಕ್ಕವನೇ ಎನ್ನುವುದು, ದೂರುವವರನ್ನೇ ದೂರುವುದು, ನನ್ನವರಿಗಾಗಿ ಮಾಡಿದೆ ಎನ್ನುವುದು. ಆ ತಾಯಿಯ ಮಾತನ್ನು ಎರಡನೆಯದರ ಕೆಳಗೆ ಸೇರಿಸಿ ಕೈತೊಳೆದುಕೊಳ್ಳುವುದು ಸುಲಭವಾಗಿತ್ತು. ಆದರೆ ನಮ್ಮ ಬಯಲುಸೀಮೆಯಲ್ಲಿ ರಾಗಿ ಕೊಯ್ದ ಹೊಲದಲ್ಲಿ ಹಕ್ಕಲು (ಉದುರಿ ಉಳಿದ ತೆನೆ) ಆಯುವ ಪದ್ಧತಿಯಿತ್ತಲ್ಲವೇ? ಅದನ್ನು ಯಾರೂ ಕಳ್ಳತನವೆನ್ನುತ್ತಿರಲಿಲ್ಲ. ಇಂಗ್ಲೆಂಡಿನಲ್ಲಿ ಹಕ್ಕಲು ಆಯುವುದು ಬಡವರ ಹಕ್ಕಲ್ಲ ಎಂದು ನ್ಯಾಯಾಲಯವೊಂದು 1788ರಲ್ಲಿ ತೀರ್ಪು ಕೊಡಬೇಕಾಯಿತು, ಅಂದರೆ ಅದುವರೆಗೆ ಜನ ಅದನ್ನು ಹಕ್ಕೆಂದೇ ತಿಳಿದಿದ್ದರು. ಹಾಗಾಗಿ ಆ ಮಾತು ಕುಂಟುನೆಪವೂ ಆಗಿರಬಹುದು, ಹಳೆಯ ರೂಢಿಯೊಂದರ ನೆನಪೂ ಆಗಿರಬಹುದು. ಯಾವುದೆಂದು ತಿಳಿಯುವುದು ಇನ್ನೂ ಹತ್ತು ಜನರನ್ನು ತಾಳ್ಮೆಯಿಂದ ಕೇಳಿಸಿಕೊಂಡ ಮೇಲೆಯೇ. ಸಿದ್ಧಾಂತವನ್ನು ಚೀಲದಲ್ಲಿ ಇಟ್ಟುಕೊಂಡು ಹೋಗಿ, ಆದರೆ ಜಗುಲಿಯ ಮೇಲೆ ಅದನ್ನು ತೆರೆಯಬೇಡಿ.

ಗುಟ್ಟಿನ ಭರವಸೆಯ ಬಗ್ಗೆ ಪ್ರತ್ಯೇಕವಾಗಿಯೇ ಬರೆಯಬೇಕಾಗುತ್ತದೆ. ನಿಮ್ಮ ಆತಂಕ ನಿರ್ದಿಷ್ಟವಾಗಿ ಏನೆಂದು ತಿಳಿಸಿ.

ಪ್ರಶ್ನೆ: ಅದೇ ವಿದ್ಯಾರ್ಥಿನಿ

ಧನ್ಯವಾದ ಮೇಡಂ. ನನ್ನ ಆತಂಕ ಇಷ್ಟೇ: ಮಾತಿನ ನಡುವೆ ಯಾರಾದರೂ ‘ಹೋದ ವರ್ಷ ಇಂಥವರ ತೋಟದಿಂದ ಎರಡು ಮೂಟೆ ನಾವೇ ಸಾಗಿಸಿದೆವು’ ಎಂದುಬಿಟ್ಟರೆ ನಾನು ಏನು ಮಾಡಬೇಕು? ಪೊಲೀಸರು ನನ್ನ ರೆಕಾರ್ಡಿಂಗ್ ಕೇಳಬಹುದೇ?

ಉತ್ತರ

ಕೇಳಬಹುದು. ವಕೀಲರು ಮತ್ತು ಕಕ್ಷಿದಾರರ ನಡುವಿನ ಮಾತಿಗೆ, ಗಂಡಹೆಂಡಿರ ನಡುವಿನ ಮಾತಿಗೆ ನಮ್ಮ ಸಾಕ್ಷ್ಯ ಕಾನೂನಿನಲ್ಲಿರುವ ರಕ್ಷಣೆ ಸಂಶೋಧಕರಿಗೆ ಇಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ತನಿಖೆ, ವಿಚಾರಣೆಯ ಕ್ರಮ ಹೇಳುವ ಕಾನೂನು) 94ನೇ ಕಲಮಿನ ಪ್ರಕಾರ ತನಿಖೆಗೆ ಬೇಕಾದ ದಾಖಲೆಯನ್ನು, ಮೊಬೈಲಿನಲ್ಲಿರುವುದನ್ನೂ ಸೇರಿಸಿ, ಹಾಜರುಪಡಿಸುವಂತೆ ನ್ಯಾಯಾಲಯವಾಗಲಿ ಠಾಣಾಧಿಕಾರಿಯಾಗಲಿ ಆದೇಶಿಸಬಹುದು. ಅದೇ ಸಂಹಿತೆಯ 33ನೇ ಕಲಮು ಕೊಲೆ, ದರೋಡೆಯಂಥ ಕೆಲವು ಗಂಭೀರ ಅಪರಾಧಗಳು ತಿಳಿದುಬಂದರೆ ಮಾಹಿತಿ ನೀಡುವ ಹೊಣೆಯನ್ನು ಎಲ್ಲರ ಮೇಲೂ ಹೊರಿಸುತ್ತದೆ. ಸಾಮಾನ್ಯ ಕಳವು ಆ ಪಟ್ಟಿಯಲ್ಲಿಲ್ಲ. ಮಕ್ಕಳ ವಿಚಾರ ಮಾತ್ರ ಬೇರೆ. 2012ರ ಪೋಕ್ಸೊ ಕಾಯ್ದೆಯ 19ನೇ ಕಲಮಿನಂತೆ ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿರುವುದು ಗೊತ್ತಾದ ಯಾರೇ ಆದರೂ ವರದಿ ಮಾಡಲೇಬೇಕು. ಮಾಡದಿದ್ದರೆ ಆರು ತಿಂಗಳವರೆಗೆ ಸಜೆಯಾಗಬಹುದು. ಲೈನ್ ಮನೆಗಳಲ್ಲಿ ನೀವು ಕಳವಿನ ಬಗ್ಗೆ ಕೇಳುತ್ತಿರುವಾಗಲೇ ಇಂಥ ಮಾತು ಬರಬಹುದು, ಆದ್ದರಿಂದ ಆಗ ಯಾರನ್ನು ಸಂಪರ್ಕಿಸಬೇಕೆಂದು ಮಾರ್ಗದರ್ಶಕರೊಡನೆ ಮೊದಲೇ ತೀರ್ಮಾನಿಸಿಕೊಂಡು ಹೋಗಿ. ಮಕ್ಕಳ ಸಹಾಯವಾಣಿ 1098 ನಿಮ್ಮ ಪುಸ್ತಕದಲ್ಲಿರಲಿ.

ಆದಕಾರಣ ‘ಯಾರಿಗೂ ಗೊತ್ತಾಗುವುದಿಲ್ಲ’ ಎಂಬ ಮಾತನ್ನು ನೀವು ಕೊಡಲಾಗದು. ಅಮೆರಿಕದ ಬೋಸ್ಟನ್ ಕಾಲೇಜು 2001ರಿಂದ 2006ರವರೆಗೆ ಉತ್ತರ ಐರ್ಲೆಂಡಿನ ಸಶಸ್ತ್ರ ಸಂಘರ್ಷದಲ್ಲಿ ಪಾಲ್ಗೊಂಡವರ ನೆನಪುಗಳನ್ನು ಧ್ವನಿಮುದ್ರಿಸಿಕೊಂಡಿತು. ತಾವು ಬದುಕಿರುವವರೆಗೆ ಅದು ಹೊರಬರುವುದಿಲ್ಲವೆಂದು ನಂಬಿ ಅವರು ಬಾಯಿ ಬಿಟ್ಟಿದ್ದರು. 2011ರಲ್ಲಿ ಬ್ರಿಟನ್ನಿನ ಕೋರಿಕೆಯ ಮೇಲೆ ಸಮನ್ಸ್ ಬಂದಿತು, 2013ರಲ್ಲಿ ಕೆಲವು ಧ್ವನಿಮುದ್ರಿಕೆಗಳು ಪೊಲೀಸರ ಕೈ ಸೇರಿದವು. ಅಷ್ಟು ದೊಡ್ಡ ಸಂಸ್ಥೆಗೆ ಉಳಿಸಿಕೊಳ್ಳಲಾಗದ ಮಾತನ್ನು ನೀವು, ನಾನು ಉಳಿಸಿಕೊಳ್ಳುತ್ತೇವೆಯೇ?

ನಾನು ಮಾಡುತ್ತಿದ್ದದ್ದು ಹೀಗೆ. ರೆಕಾರ್ಡರ್ ಒತ್ತುವ ಮೊದಲೇ, ‘ನಿಮ್ಮ ಹೆಸರು, ಊರು ಬರೆಯುವುದಿಲ್ಲ. ಆದರೆ ಯಾವ ತೋಟ, ಯಾವ ದಿನ, ಜೊತೆಗೆ ಯಾರಿದ್ದರು ಎಂಬುದನ್ನು ನನಗೆ ಹೇಳಬೇಡಿ. ಹೇಳಿದರೆ ಅದನ್ನು ಕಾಪಾಡುವ ಶಕ್ತಿ ನನಗಿಲ್ಲ’ ಎಂದು ಅವರದೇ ಭಾಷೆಯಲ್ಲಿ ತಿಳಿಸುತ್ತಿದ್ದೆ. ಅವರು ಮರೆತು ಹೇಳತೊಡಗಿದರೆ ಮಧ್ಯದಲ್ಲೇ ತಡೆಯುತ್ತಿದ್ದೆ. ಇದರಿಂದ ಸಂಶೋಧನೆಗೆ ನಷ್ಟವೇನೂ ಇಲ್ಲ. ಯಾವ ಮೂಟೆ ಯಾರದೆಂದು ಕಂಡುಹಿಡಿಯುವುದು ತನಿಖಾಧಿಕಾರಿಯ ಕೆಲಸ. ಕದ್ದ ಮೆಣಸು ಹೇಗೆ ಮಾರಾಟವಾಗುತ್ತದೆ, ಸಿಕ್ಕಿಬಿದ್ದ ಮೇಲೆ ಊರಿನಲ್ಲಿ ಆ ಮನೆಯವರನ್ನು ಹೇಗೆ ಕಾಣುತ್ತಾರೆ ಎಂಬುದು ನಿಮ್ಮ ಕೆಲಸ. ಅದಕ್ಕೆ ಹೆಸರೂ ಬೇಡ, ತಾರೀಖೂ ಬೇಡ. ಧ್ವನಿಯನ್ನು ಬರಹಕ್ಕಿಳಿಸಿದ ಮೇಲೆ ರೆಕಾರ್ಡಿಂಗ್ ಅಳಿಸುವುದಾಗಿ ಸಿನಾಪ್ಸಿಸ್‌ನಲ್ಲೇ (ಪ್ರಬಂಧದ ರೂಪರೇಷೆಯಲ್ಲೇ) ಬರೆದು ಮಾರ್ಗದರ್ಶಕರ ಸಹಿ ಪಡೆಯಿರಿ. ಸಮನ್ಸ್ ಬಂದ ಮೇಲೆ ಅಳಿಸುವುದು ಅಪರಾಧವಾಗುತ್ತದೆ, ಆದ್ದರಿಂದ ಅಳಿಸುವ ಕ್ರಮ ಮೊದಲಿನಿಂದಲೇ ಲಿಖಿತವಾಗಿ ಇರಬೇಕು.

ಪ್ರಶ್ನೆ: ಕಾಫಿ ಬೆಳೆಗಾರರು, ಮೂಡಿಗೆರೆ ತಾಲ್ಲೂಕು

ಮೇಡಂ, ತಮ್ಮ ಉತ್ತರಗಳನ್ನು ಗೌರವದಿಂದ ಓದಿದೆ. ಆದರೆ ವರ್ಷವಿಡೀ ದುಡಿದು ಕಣದಲ್ಲಿ ಹರಡಿದ ಪಾರ್ಚ್‌ಮೆಂಟನ್ನು (ಹಣ್ಣಿನ ಸಿಪ್ಪೆ ತೆಗೆದು ಒಣಗಿಸುವ ಕಾಫಿ) ರಾತ್ರೋರಾತ್ರಿ ಪಿಕಪ್‌ನಲ್ಲಿ ತುಂಬಿಕೊಂಡು ಹೋದವರ ಸಮಜಾಯಿಷಿಯನ್ನು ಕೇಳಿ ಪ್ರಬಂಧ ಬರೆಯುವುದರಿಂದ ನಮ್ಮಂಥವರಿಗೆ ಏನು ಪ್ರಯೋಜನ?

ಉತ್ತರ

ತಮ್ಮ ನೋವು ನ್ಯಾಯವಾದದ್ದು. ಆ ವಿದ್ಯಾರ್ಥಿನಿ ತಮ್ಮಂಥವರನ್ನು ಸಂದರ್ಶಿಸದೆ ಬರೆದರೆ ಪ್ರಬಂಧ ಅರ್ಧವೇ ಆಗುತ್ತದೆ. ನಾನು ಮಾತನಾಡಿಸಿದ ಬೆಳೆಗಾರರಲ್ಲಿ ಹಲವರು ದೂರು ಕೊಟ್ಟಿರಲೇ ಇಲ್ಲ. ಕೊಯ್ಲು ಬಿಟ್ಟು ಠಾಣೆಗೆ ಅಲೆಯಲಾಗದು, ಆಳುಗಳ ಮೇಲೆ ಅನುಮಾನ ಹೇಳಿದರೆ ನಾಳೆ ಯಾರೂ ಕೆಲಸಕ್ಕೆ ಬರುವುದಿಲ್ಲ ಎಂಬುದು ಅವರ ಕಾರಣ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರಕಟಿಸುವ ಅಂಕಿಅಂಶಗಳಲ್ಲಿ ಇರುವುದು ದಾಖಲಾದ ಪ್ರಕರಣಗಳು ಮಾತ್ರ. ತಾವು ನುಂಗಿಕೊಂಡ ನಷ್ಟ ಅದರಲ್ಲಿ ಎಲ್ಲಿಯೂ ಕಾಣುವುದಿಲ್ಲ. ಅದನ್ನು ಕಾಣಿಸುವುದು ಇಂಥ ಸಂದರ್ಶನಗಳೇ.

ಜೊತೆಗೆ, ಪಿಕಪ್ ತಂದು ಕಣ ಬರಿದು ಮಾಡುವ ತಂಡ ಬೇರೆ, ಸಂಜೆ ಸೆರಗಿನಲ್ಲಿ ಎರಡು ಹಿಡಿ ಹಣ್ಣು ಒಯ್ಯುವ ಕೆಲಸಗಾರ್ತಿ ಬೇರೆ. ಕಾನೂನು ಕೂಡ ಸ್ವಲ್ಪ ಮಟ್ಟಿಗೆ ಈ ವ್ಯತ್ಯಾಸ ಮಾಡುತ್ತದೆ: ಅಪರಾಧಗಳಿಗೆ ಶಿಕ್ಷೆ ಗೊತ್ತುಮಾಡುವ ಭಾರತೀಯ ನ್ಯಾಯ ಸಂಹಿತೆಯ 303ನೇ ಕಲಮಿನಂತೆ 5,000 ರೂಪಾಯಿಗಿಂತ ಕಡಿಮೆ ಬೆಲೆಯ ವಸ್ತುವನ್ನು ಮೊದಲ ಸಲ ಕದ್ದು ಹಿಂದಿರುಗಿಸಿದವರಿಗೆ ಸಮುದಾಯ ಸೇವೆಯ ಶಿಕ್ಷೆಯಿದೆ. ಆದರೆ ಕೆಲಸಕ್ಕಿರುವವರೇ ಯಜಮಾನರ ಸ್ವತ್ತನ್ನು ಕದ್ದರೆ 306ನೇ ಕಲಮಿನ ಅಡಿಯಲ್ಲಿ ಏಳು ವರ್ಷದವರೆಗೆ ಸಜೆಯಾಗಬಹುದು. ಎರಡನ್ನೂ ಒಂದೇ ‘ತೋಟದ ಕಳ್ಳತನ’ವೆಂದು ಕಂಡರೆ ಕಾವಲನ್ನು ಎಲ್ಲಿ ಬಿಗಿ ಮಾಡಬೇಕೆಂಬುದೇ ತಿಳಿಯದೆ ಹೋಗುತ್ತದೆ. ಹೊರಗಿನಿಂದ ಕೂಲಿಗೆ ಬಂದವರ ಮೇಲೆ ಮೊದಲು ಬೆರಳು ತೋರುವ ಅಭ್ಯಾಸದ ಬಗ್ಗೆಯೂ ಎಚ್ಚರವಿರಬೇಕು. 1871ರ ಕಾಯ್ದೆಯೊಂದು ಇಡೀ ಸಮುದಾಯಗಳನ್ನೇ ಹುಟ್ಟು ಅಪರಾಧಿಗಳೆಂದು ಪಟ್ಟಿ ಮಾಡಿತು. ಅದು ರದ್ದಾದದ್ದು 1952ರಲ್ಲಿ, ಆದರೆ ಆ ಹಣೆಪಟ್ಟಿಯ ಕಲೆ ಆ ಕುಟುಂಬಗಳ ಮೇಲೆ ಇಂದಿಗೂ ಉಳಿದಿದೆ.

ಪ್ರಶ್ನೆ: ಬಿ.ಎ. ವಿದ್ಯಾರ್ಥಿ, ಕಡೂರು

ಅಪರಾಧಶಾಸ್ತ್ರವನ್ನು ನಮ್ಮ ರಾಜ್ಯದಲ್ಲಿ ಎಲ್ಲಿ ಓದಬಹುದು ಮೇಡಂ?

ಉತ್ತರ

ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಪದವಿ ಹಂತದಲ್ಲಿಯೂ, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಸ್ನಾತಕೋತ್ತರ ಹಂತದಲ್ಲಿಯೂ ಅಪರಾಧಶಾಸ್ತ್ರ ಮತ್ತು ವಿಧಿವಿಜ್ಞಾನವನ್ನು ಕಲಿಸುತ್ತಾರೆ. ಪ್ರವೇಶದ ಅರ್ಹತೆಯನ್ನು ಆಯಾ ವರ್ಷದ ಪ್ರಕಟಣೆಯಲ್ಲಿ ನೋಡಿಕೊಳ್ಳಿ. ಸಮಾಜಶಾಸ್ತ್ರ ಅಥವಾ ಮನಶ್ಶಾಸ್ತ್ರ ಓದಿದವರಿಗೆ ಈ ವಿಷಯ ಕೈಗೆ ಬೇಗ ಹತ್ತುತ್ತದೆ.

ಪ್ರಶ್ನೆ: ಹಾಸನದ ವಿದ್ಯಾರ್ಥಿನಿ

ಕೊನೆಯದಾಗಿ ಎರಡು ಸಂದೇಹಗಳಿವೆ ಮೇಡಂ. ಎಷ್ಟು ಜನರನ್ನು ಸಂದರ್ಶಿಸಿದರೆ ಸಾಕು? ಆಡುಮಾತನ್ನು ಬರೆಯುವಾಗ ಗ್ರಂಥಭಾಷೆಗೆ ತಿದ್ದಬೇಕೇ?

ಉತ್ತರ

ಹೊಸ ಸಂದರ್ಶನದಲ್ಲಿ ಹೊಸ ವಿಚಾರ ಬರುವುದು ನಿಂತಾಗ ನೀವೂ ನಿಲ್ಲಿಸಬಹುದು. 2006ರಲ್ಲಿ ಸಂಶೋಧಕ ಗ್ರೆಗ್ ಗೆಸ್ಟ್ ಮತ್ತು ಸಂಗಡಿಗರು ಘಾನಾ ಮತ್ತು ನೈಜೀರಿಯಾದ ಮಹಿಳೆಯರೊಡನೆ ನಡೆಸಿದ 60 ಸಂದರ್ಶನಗಳನ್ನು ಪರಿಶೀಲಿಸಿದಾಗ ಮೊದಲ 12ರಲ್ಲೇ ಬಹುಪಾಲು ವಿಚಾರಗಳು ಬಂದುಹೋಗಿದ್ದವು. ಆದರೆ ಅವರು ಮಾತನಾಡಿಸಿದ್ದು ಒಂದೇ ಬಗೆಯ ಜನರನ್ನು. ನಿಮ್ಮಲ್ಲಿ ಕೆಲಸಗಾರರು, ರೈಟರುಗಳು, ಮಾಲೀಕರು, ಸಿಕ್ಕಿಬಿದ್ದವರು ಎಂಬ ನಾಲ್ಕು ಗುಂಪುಗಳಿವೆ. ಒಂದು ಕಿರು ಪ್ರಬಂಧದ ಅವಧಿಯಲ್ಲಿ ಇಷ್ಟೂ ಆಗುವುದಿಲ್ಲ; ಕೆಲಸಗಾರರು ಮತ್ತು ಮಾಲೀಕರನ್ನು ಮಾತ್ರ ಇಟ್ಟುಕೊಳ್ಳಿ ಎಂಬುದು ನನ್ನ ಸಲಹೆ.

ಆಡುಮಾತನ್ನು ತಿದ್ದಬೇಡಿ. ‘ಆಯ್ಕಂಡೆ’ ಎಂದವರ ಮಾತು ನಿಮ್ಮ ಹಾಳೆಯಲ್ಲಿ ‘ಸಂಗ್ರಹಿಸಿದೆನು’ ಎಂದಾದರೆ ಅದು ವ್ಯಾಪಾರವಾಗುತ್ತದೆ, ‘ತೆಗೆದುಕೊಂಡೆನು’ ಎಂದಾದರೆ ತಪ್ಪೊಪ್ಪಿಗೆಯಾಗುತ್ತದೆ. ಅವರ ನಿಲುವು ಇರುವುದೇ ಆ ಒಂದು ಕ್ರಿಯಾಪದದಲ್ಲಿ. ನಕ್ಕದ್ದು, ಸುಮ್ಮನಾದದ್ದು, ದನಿ ತಗ್ಗಿಸಿದ್ದನ್ನೂ ಆವರಣದಲ್ಲಿ ಗುರುತಿಸಿ. ಒಂದು ಗಂಟೆಯ ಮಾತನ್ನು ಬರಹಕ್ಕಿಳಿಸಲು ನನಗೆ ಒಂದು ಇಡೀ ದಿನ ಹಿಡಿಯುತ್ತಿತ್ತು, ಆದ್ದರಿಂದ ಸಮಯವನ್ನು ಹಾಗೆಯೇ ಲೆಕ್ಕ ಹಾಕಿಕೊಳ್ಳಿ.

ನನ್ನಿಂದಾದ ಒಂದು ತಪ್ಪನ್ನೂ ಹೇಳುತ್ತೇನೆ. ಮೊದಲ ವರದಿಯಲ್ಲಿ ಹೆಸರು, ಊರು ಎಲ್ಲವನ್ನೂ ಬದಲಿಸಿದ್ದೆ. ಆದರೆ ‘ಎರಡು ಪಲ್ಪರ್ ಇರುವ, ಹೊಳೆಯಂಚಿನ ತೋಟದ ಎಡಗೈ ಬಳಕೆಯ ರೈಟರ್’ ಎಂದು ಬರೆದುಬಿಟ್ಟಿದ್ದೆ (ಪಲ್ಪರ್ ಎಂದರೆ ಕಾಫಿ ಹಣ್ಣಿನ ಸಿಪ್ಪೆ ತೆಗೆಯುವ ಯಂತ್ರ). ಆ ಸುತ್ತಿನಲ್ಲಿ ಅಂಥ ತೋಟ ಒಂದೇ, ಅಂಥ ರೈಟರ್ ಒಬ್ಬರೇ. ವರದಿ ಓದಿದವರೊಬ್ಬರು ನನ್ನೆದುರೇ ಅವರ ಹೆಸರು ಹೇಳಿದಾಗ ನನಗೆ ನಿಂತ ನೆಲ ಕುಸಿದಂತಾಯಿತು. ಆ ವರದಿಯ ಪ್ರತಿಗಳನ್ನು ಹಿಂದಕ್ಕೆ ಪಡೆದು, ಆ ಮನುಷ್ಯರ ಮನೆಗೆ ಹೋಗಿ ಕ್ಷಮೆ ಕೇಳಿದೆ. ಅವರು ಕಾಫಿ ಕೊಟ್ಟರು, ಆದರೆ ಮತ್ತೆಂದೂ ನನ್ನೊಡನೆ ತೋಟದ ವಿಚಾರ ಮಾತನಾಡಲಿಲ್ಲ. ಅಂದಿನಿಂದ, ಆ ಊರಿನ ಒಬ್ಬರ ಕಣ್ಣಿನಿಂದ ಇಡೀ ಬರಹವನ್ನು ಮತ್ತೊಮ್ಮೆ ಓದಿ, ಗುರುತು ಹತ್ತುವ ವಿವರವಿದ್ದರೆ ಅದು ಎಷ್ಟೇ ಸೊಗಸಾಗಿದ್ದರೂ ಹೊಡೆದುಹಾಕುತ್ತಿದ್ದೆ.

ಮೊದಲ ಎರಡು ಸಂದರ್ಶನ ಮುಗಿದ ಕೂಡಲೇ ಮೂರನೆಯದಕ್ಕೆ ಹೋಗಬೇಡಿ. ಎರಡನ್ನೂ ಬರಹಕ್ಕಿಳಿಸಿ, ನೀವು ಎಲ್ಲೆಲ್ಲಿ ಅವರ ಮಾತಿಗೆ ಅಡ್ಡ ಬಂದಿದ್ದೀರಿ ಎಂಬುದನ್ನು ಕೆಂಪು ಪೆನ್ನಿನಲ್ಲಿ ಗುರುತಿಸಿ, ಮಾರ್ಗದರ್ಶಕರಿಗೆ ತೋರಿಸಿ.