ಸಹಾಯ ಬೇಕು: ‘ಅರ್ಥ ಆಯ್ತು’ ಅನ್ನೋದಕ್ಕೆ ಇಂಗ್ಲಿಷಿನಲ್ಲಿ ಯಾವುದು ಸರಿ?

ಎಲ್ಲರಿಗೂ ನಮಸ್ಕಾರ. ಇಂಗ್ಲಿಷ್ ಚೆನ್ನಾಗಿ ಬಲ್ಲವರು ಸ್ವಲ್ಪ ಬಿಡಿಸಿ ಹೇಳಿ. ಕನ್ನಡದಲ್ಲಿ ‘ಅರ್ಥ ಆಯ್ತು’ ಅಂದರೆ ಮುಗೀತು. ಇಂಗ್ಲಿಷಿನಲ್ಲಿ ಅದಕ್ಕೇ ನಾಲ್ಕೈದು ಮಾತುಗಳಿವೆ.

ಮೊನ್ನೆ ನಮ್ಮ ಮ್ಯಾನೇಜರ್ ಫೋನಿನಲ್ಲಿ ಒಂದು ಕೆಲಸ ವಿವರಿಸಿದರು. ನಾನು ಪ್ರತಿ ಮಾತಿಗೂ ‘ಐ ಸೀ, ಐ ಸೀ’ ಅಂದೆ. ಕೊನೆಗೆ ಅವರು, ‘ಹಾಗಾದ್ರೆ ಮಾಡ್ತೀರಾ, ಇಲ್ವಾ?’ ಅಂತ ಕೇಳಿಬಿಟ್ಟರು! ಆಮೇಲೆ ಹೊಳೆಯಿತು. ‘ಐ ಸೀ’ ನಮ್ಮ ‘ಓ, ಹೌದಾ’ ಇದ್ದ ಹಾಗೆ. ವಿಷಯ ತಿಳಿಯಿತು ಅಂತಷ್ಟೇ, ಒಪ್ಪಿಕೊಂಡೆ ಅಂತಲ್ಲ. ‘ಗಾಟ್ ಇಟ್’ ಗೆಳೆಯರ ಜೊತೆ ನಡೆಯುತ್ತದೆ, ಅದು ಗೊತ್ತು.

ಜಾಸ್ತಿ ಗೊಂದಲ ಇರುವುದು ‘ಐ ಅಂಡರ್‌ಸ್ಟ್ಯಾಂಡ್’, ‘ಐ ಅಂಡರ್‌ಸ್ಟುಡ್’ ಇವೆರಡರಲ್ಲಿ. ನಾವು ‘ಆಯ್ತು’ ಅಂತ ಭೂತಕಾಲದಲ್ಲಿ ಹೇಳುತ್ತೇವಲ್ವಾ, ಅದಕ್ಕೇ ನನ್ನ ಬಾಯಿಗೆ ಎರಡನೆಯದೇ ಬರುತ್ತದೆ. ಆಗಷ್ಟೇ ಕೇಳಿದ ಮಾತಿಗೆ ಹಾಗನ್ನಬಾರದಂತೆ. ಹಾಗಿದ್ದರೆ ಮೇಲ್‌ನಲ್ಲಿ ಬರೀ ‘ಅಂಡರ್‌ಸ್ಟುಡ್’ ಅಂತ ಬರೆಯುತ್ತಾರಲ್ಲ, ಅದು ಹೇಗೆ ಸರಿ?

ಇನ್ನೊಂದು. ಯಾರಾದರೂ ಕಷ್ಟ ಹೇಳಿಕೊಂಡಾಗ ‘ಐ ಅಂಡರ್‌ಸ್ಟ್ಯಾಂಡ್’ ಅಂದರೆ ಸಾಕಾ? ನನಗ್ಯಾಕೋ ಸುಮ್ನೆ ಒಣ ಮಾತು ಅನ್ನಿಸುತ್ತದೆ. ನೀವು ಏನು ಹೇಳುತ್ತೀರಿ? ಒಂದೆರಡು ಉದಾಹರಣೆ ಕೊಟ್ಟರೆ ಉಪಕಾರ.