ಲ್ಯಾಪ್‌ಲ್ಯಾಂಡ್ ಕಾಡಿನಲ್ಲಿ ಗೈಡ್ ಜೊತೆ ಬಿಲ್ಲುಗಾರಿಕೆ: ಕೋವಿ ಹಿಡಿದ ಕೈಗೆ ಏನು ಗೊತ್ತಿರಬೇಕು?

ಸುಂಟಿಕೊಪ್ಪ_ತೋಟ

ಸೆಪ್ಟೆಂಬರ್ ಕೊನೆಯ ವಾರ ನಾವು ನಾಲ್ವರು ಫಿನ್‌ಲ್ಯಾಂಡಿನ ರೊವಾನಿಯೆಮಿಗೆ ಹೋಗುತ್ತಿದ್ದೇವೆ. ಅಲ್ಲಿ ಒಂದು ಮಧ್ಯಾಹ್ನ ಕಾಡಿನೊಳಗೆ ಗೈಡ್ ಜೊತೆ ಎರಡು ಗಂಟೆಯ ಬಿಲ್ಲುಗಾರಿಕೆ ಗೊತ್ತುಮಾಡಿದ್ದೇವೆ. ಮೊದಲು ಒಂದೇ ಜಾಗದಲ್ಲಿ ನಿಂತು ಕಲಿಯುವುದು, ಆಮೇಲೆ ಕಾಲುಹಾದಿಯಲ್ಲಿ ನಡೆಯುತ್ತ ಫೋಮಿನ ಪ್ರಾಣಿಗಳಿಗೆ ಗುರಿಯಿಡುವುದು. ಬಿಲ್ಲು ಬಾಣ ಅವರದೇ, ರಿಕರ್ವ್ (ತುದಿಗಳು ಮುಂದಕ್ಕೆ ಬಾಗಿದ ಬಿಲ್ಲು) ಎಂದು ಬರೆದಿದ್ದಾರೆ.

ನನಗೂ ಹೆಂಡತಿಗೂ ನಲವತ್ತರ ಆಸುಪಾಸು, ಮಗಳಿಗೆ 11, ಮಾವನಿಗೆ 64, ಅವರಿಗೆ ಬಲಭುಜ ಸ್ವಲ್ಪ ಹಿಡಿದುಕೊಂಡಿದೆ. ಕೊಡಗಿನ ಕೈಲ್‌ಪೊಳ್ದ್ ಹಬ್ಬದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಅಭ್ಯಾಸ ನನಗೂ ಮಾವನಿಗೂ ಇದೆ, ಬಿಲ್ಲನ್ನು ಯಾರೂ ಮುಟ್ಟಿಲ್ಲ. ಕೋವಿಯ ಅಭ್ಯಾಸ ಉಪಯೋಗಕ್ಕೆ ಬರುತ್ತದೆಯೇ? ಯಾರಿಗೆ ಎಷ್ಟು ಪೌಂಡಿನ (ಹೆದೆ ಎಳೆಯಲು ಬೇಕಾದ ಬಲದ) ಬಿಲ್ಲು ಕೇಳಬೇಕು? ಹೊರಡಲು ಐದು ವಾರ ಇದೆ, ಮನೆಯಲ್ಲೇ ಮಾಡಬಹುದಾದ ತಯಾರಿ ಏನಾದರೂ ಇದೆಯೇ? ಚಳಿಗೆ ಹಾಕುವ ದಪ್ಪ ಜಾಕೆಟ್ ಅಡ್ಡ ಬರುತ್ತದೆ ಎಂದು ಕೇಳಿದ್ದೇನೆ, ಅದು ನಿಜವೇ?

ಪೊನ್ನಂಪೇಟೆ_ಬಿಲ್ಲು

ಕೋವಿಯ ಪ್ರಶ್ನೆಗೆ ಉದ್ದ ಉತ್ತರ ಬೇಕು. ನಮ್ಮ ಕಡೆಯವರು ಮೊದಲ ಸಲ ಬಿಲ್ಲು ಹಿಡಿದಾಗ ಎಡವುವುದು ಹೆಚ್ಚಾಗಿ ಅಲ್ಲೇ.

ಕೋವಿಯ ನಳಿಗೆ ಕಣ್ಣಿನ ನೇರದಲ್ಲೇ, ಸ್ವಲ್ಪ ಕೆಳಗೆ ಇರುತ್ತದೆ. ಬಿಲ್ಲಿನಲ್ಲಿ ಎಳೆದ ಹೆದೆ ಬಾಯಿಯ ಮೂಲೆಗೆ ಬಂದು ನಿಲ್ಲುತ್ತದೆ, ಹಾಗಾಗಿ ಬಾಣದ ಹಿಂತುದಿ ಕಣ್ಣಿನಿಂದ ಮೂರು ಇಂಚಿನಷ್ಟು ಕೆಳಗಿರುತ್ತದೆ. ಹೀಗಿರುವಾಗ ಬಾಣದ ಮೊನೆಯನ್ನು ಕೋವಿಯ ಮಕ್ಷಿಯಂತೆ (ನಳಿಗೆಯ ತುದಿಯ ಗುರಿಗುರುತಿನಂತೆ) ಗುರಿಯ ನಡುವಿಗೇ ಇಟ್ಟರೆ ಬಾಣ ಮೇಲ್ಮುಖವಾಗಿ ಹೊರಡುತ್ತದೆ. 10 ಮೀಟರ್ ದೂರದಲ್ಲೇ ಅದು ಎರಡಡಿ ಮೇಲಕ್ಕೆ ಹೋಗಿ ಗುರಿಯನ್ನು ದಾಟಿ ಪೊದೆ ಸೇರುತ್ತದೆ. 10ರಿಂದ 20 ಮೀಟರಿನೊಳಗೆ ಮೊನೆ ಗುರಿಗಿಂತ ಸುಮಾರು ಎರಡು, ಎರಡೂವರೆ ಅಡಿ ಕೆಳಗೆ ಕಾಣಬೇಕು. 30 ದಾಟಿದ ಮೇಲೆ ಎಲ್ಲೋ ಒಂದು ಕಡೆ ಮೊನೆಯೂ ಗುರಿಯೂ ಕೂಡುತ್ತವೆ, ಹಗುರ ಬಿಲ್ಲಾದರೆ ಅದಕ್ಕಿಂತ ಹತ್ತಿರದಲ್ಲೇ. ಎಲ್ಲರ ಮುಖವೂ ಬಿಲ್ಲೂ ಒಂದೇ ಅಳತೆಯದಲ್ಲ, ಆದ್ದರಿಂದ ಮೊದಲ ಆರು ಬಾಣ ಈ ಅಂತರ ಹುಡುಕುವುದಕ್ಕೇ ಎಂದಿಟ್ಟುಕೊಳ್ಳಿ.

ವೇಗದ ವ್ಯತ್ಯಾಸವೂ ದೊಡ್ಡದು. ಗುಂಡು ಸೆಕೆಂಡಿಗೆ ನೂರಾರು ಮೀಟರ್ ಓಡುತ್ತದೆ, 24 ಪೌಂಡಿನ ಬಿಲ್ಲಿನ ಬಾಣ ಓಡುವುದು 40–45 ಮೀಟರ್. 10 ಮೀಟರಿನಲ್ಲಿ ಅದು ಕಾಲು ಮೀಟರ್ ಇಳಿದರೆ 20ರಲ್ಲಿ ಒಂದು ಮೀಟರ್ ಇಳಿಯುತ್ತದೆ. ದೂರ ಇಮ್ಮಡಿಯಾದರೆ ಇಳಿತ ನಾಲ್ಮಡಿ. ಫೋಮಿನ ಜಿಂಕೆ ಎಷ್ಟು ದೂರದಲ್ಲಿದೆ ಎಂಬ ಅಂದಾಜೇ ಕಾಡಿನ ಬಿಲ್ಲುಗಾರಿಕೆಯ ಅರ್ಧ ವಿದ್ಯೆ ಎನ್ನುವುದು ಇದಕ್ಕೇ.

ಇನ್ನು ಹಿಡಿತ. ಕೋವಿಯನ್ನು ಭುಜಕ್ಕೆ ಒತ್ತಿ ಬಿಗಿ ಹಿಡಿಯುತ್ತೇವೆ, ಬಿಲ್ಲನ್ನು ಬಿಗಿ ಹಿಡಿದರೆ ಕೆಟ್ಟಿತು. ಹಿಡಿ ಹೆಬ್ಬೆರಳು ಮತ್ತು ತೋರುಬೆರಳ ನಡುವಿನ ಕವೆಯಲ್ಲಿ ಕೂರಬೇಕು, ಬೆರಳ ಗಿಣ್ಣುಗಳು ಓರೆಯಾಗಿ ಹೊರಕ್ಕೆ ನಿಲ್ಲಬೇಕು, ಉಳಿದ ಬೆರಳು ಸಡಿಲ. ಮುಷ್ಟಿ ಬಿಗಿದರೆ ಬಿಡುವ ಗಳಿಗೆಯಲ್ಲಿ ಬಿಲ್ಲು ತಿರುಚಿ ಬಾಣ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಹೋಗುತ್ತದೆ. ಬಿಲ್ಲಿಗೆ ಕೋವಿಯಂತೆ ಕುದುರೆಯೂ (ಟ್ರಿಗರ್) ಇಲ್ಲ. ಹೆದೆ ಹಿಡಿದ ಬೆರಳನ್ನು 'ತೆರೆಯುವುದು' ಅಲ್ಲ, ಸಡಿಲ ಬಿಡುವುದು, ಹೆದೆ ತಾನೇ ಜಾರಿ ಹೋಗುತ್ತದೆ. ಸರಿಯಾಗಿ ಬಿಟ್ಟ ಕೈ ಕೆನ್ನೆಗುಂಟ ಕಿವಿಯ ಕಡೆ ಹಿಂದಕ್ಕೆ ಸರಿದಿರುತ್ತದೆ.

ಕೋವಿ ಕಲಿಸಿದ ಒಳ್ಳೆಯ ಗುಣಗಳೂ ಇವೆ: ಉಸಿರು ಹತೋಟಿಗೆ ತರುವುದು, ಗುಂಡು ಹೊರಟ ಮೇಲೂ ಕದಲದೆ ನಿಲ್ಲುವುದು. ಬಾಣ ಬಡಿದ ಸದ್ದು ಕೇಳುವ ತನಕ ಎಡಗೈ ಇಳಿಸಬೇಡಿ. ಎಲ್ಲಿ ಬಿತ್ತೆಂದು ನೋಡುವ ಆತುರ ಇರುವವರ ಕೈ ಬಾಣ ಹೆದೆ ಬಿಡುವ ಮೊದಲೇ ಇಳಿಯತೊಡಗುತ್ತದೆ. ಎಳೆದು ಹಿಡಿಯುವುದು 3–4 ಸೆಕೆಂಡ್ ಸಾಕು. ಅಷ್ಟರಲ್ಲಿ ಕೈ ನಿಲ್ಲದಿದ್ದರೆ ನಿಧಾನ ಸಡಿಲಿಸಿ ಕೆಳಗಿಳಿಸಿ ಮತ್ತೆ ಎಳೆಯಿರಿ.

ಕಣದಂಚು

ಪೌಂಡಿನ ಬಗ್ಗೆ ನಾನು ಹೇಳುತ್ತೇನೆ. ಬಿಲ್ಲಿನ ಮೇಲೆ ಬರೆದ ಪೌಂಡ್ 28 ಇಂಚು ಎಳೆದಾಗಿನದು. ಒಂದು ಇಂಚು ಕಡಿಮೆ ಎಳೆದರೆ ಸುಮಾರು 2 ಪೌಂಡ್ ಇಳಿಯುತ್ತದೆ. ನಿಮ್ಮ ಎಳೆತ ಗೊತ್ತಾಗಲು ಎರಡೂ ಕೈ ಚಾಚಿ ಬೆರಳ ತುದಿಯಿಂದ ತುದಿಗೆ ಅಳೆದು 2.5ರಿಂದ ಭಾಗಿಸಿ. 165 ಸೆಂ.ಮೀ. ಚಾಚಿದರೆ 66 ಸೆಂ.ಮೀ., ಅಂದರೆ 26 ಇಂಚು. ಅಂಥವರ ಕೈಯಲ್ಲಿ 24 ಎಂದು ಬರೆದ ಬಿಲ್ಲು ಸುಮಾರು 20 ಪೌಂಡಿನದಾಗಿ ನಡೆಯುತ್ತದೆ.

ಮೊದಲ ಸಲಕ್ಕೆ ನಿಮಗೆ 22–24, ನಿಮ್ಮ ಮನೆಯವರಿಗೆ 18–20, ಮಗಳಿಗೆ 12–14 ಪೌಂಡ್ ಮತ್ತು 54 ಇಂಚಿನ ಚಿಕ್ಕ ಬಿಲ್ಲು. ಮಾವನವರಿಗೆ 16ಕ್ಕಿಂತ ಹೆಚ್ಚು ಬೇಡವೇ ಬೇಡ. ತೋಟದಲ್ಲಿ 50 ಕೆ.ಜಿ. ಕಾಫಿ ಮೂಟೆ ಎತ್ತುವವರು '24 ಪೌಂಡ್ ಅಂದರೆ 11 ಕೆ.ಜಿ. ತಾನೇ' ಎಂದು ನಕ್ಕು ಭಾರದ ಬಿಲ್ಲು ಕೇಳುತ್ತಾರೆ. ಮೂಟೆ ಎತ್ತುವುದು ಸೊಂಟ ಮತ್ತು ತೊಡೆ, ಬಿಲ್ಲು ಎಳೆಯುವುದು ಎರಡು ರೆಕ್ಕೆಮೂಳೆಗಳ ನಡುವಿನ ಸ್ನಾಯು. ಎರಡು ಗಂಟೆಯಲ್ಲಿ 50–60 ಬಾಣವಾದರೂ ಬಿಡುತ್ತೀರಿ, ಭಾರ ಹೆಚ್ಚಾದರೆ ಮೂವತ್ತನೆಯದಕ್ಕೇ ಮೊಣಕೈ ಕುಸಿದು ಎಲ್ಲ ಬಾಣವೂ ಕೆಳಗೆ ಬೀಳುತ್ತದೆ.

ಮಾವನವರು ಈಗಲೇ ಒಂದು ಪರೀಕ್ಷೆ ಮಾಡಲಿ: ಬಲಮೊಣಕೈಯನ್ನು ಭುಜದ ಎತ್ತರಕ್ಕೆ ತಂದು ಹಿಂದಕ್ಕೆ ಎಳೆಯುವುದು. ನೋವು ಚುಚ್ಚಿದರೆ ಬಿಲ್ಲು ಬೇಡ, ಗುರಿಯ ಲೆಕ್ಕ ಇಡುವ ಕೆಲಸ ಅವರಿಗೆ ಕೊಡಿ. ನೋವಿಲ್ಲದಿದ್ದರೆ ಫಿಸಿಯೋಥೆರಪಿಯವರು ಕೊಡುವ ರಬ್ಬರ್ ಪಟ್ಟಿಯಲ್ಲಿ ಎಲ್ಲರೂ ದಿನ ಬಿಟ್ಟು ದಿನ ಅಭ್ಯಾಸ ಮಾಡಿ. ಎಡಗೈ ಚಾಚಿ ಪಟ್ಟಿ ಹಿಡಿದು, ಬಲಗೈಯಿಂದ ಬಾಯಿಯ ಮೂಲೆಗೆ ಎಳೆದು, 5 ಸೆಕೆಂಡ್ ನಿಲ್ಲಿಸಿ, ನಿಧಾನ ಬಿಡುವುದು. 8ರಂತೆ ಮೂರು ಸುತ್ತು. ಕನ್ನಡಿ ಮುಂದೆ ಮಾಡಿದರೆ ಎಡಭುಜ ಕಿವಿಯ ಕಡೆ ಏರುತ್ತಿದೆಯೇ ಎಂದು ಕಾಣುತ್ತದೆ. ಏರಬಾರದು.

ಹೆದೆ ಮೊಣಕೈ ಒಳಭಾಗಕ್ಕೆ ಬಡಿಯುವುದು ಎಲ್ಲಕ್ಕಿಂತ ಸಾಮಾನ್ಯ ಪೆಟ್ಟು. ಮೊಣಕೈಯ ಗುಂಡಿ ಆಕಾಶ ನೋಡುತ್ತಿದ್ದರೆ ಹೊಡೆತ ಖಚಿತ. ಅಂಗೈಯನ್ನು ಗೋಡೆಗೆ ಒತ್ತಿ, ಅಂಗೈ ಕದಲಿಸದೆ ಮೊಣಕೈಯನ್ನಷ್ಟೇ ತಿರುಗಿಸಿ ಗುಂಡಿ ಬಲಕ್ಕೆ ನೋಡುವಂತೆ ಮಾಡುವುದನ್ನು ಮಗಳಿಗೆ ಕಲಿಸಿ. ಮಕ್ಕಳ ಕೈ ಹಿಂದಕ್ಕೆ ಬಾಗುವುದು ಹೆಚ್ಚು, ಪೆಟ್ಟೂ ಹೆಚ್ಚು. ಒಮ್ಮೆ ಬಡಿದರೆ ಮಗು ಆಮೇಲಿನ ಪ್ರತಿ ಬಾಣಕ್ಕೂ ಕೈ ಹಿಂದೆಗೆಯುತ್ತದೆ. ಆರ್ಮ್ ಗಾರ್ಡ್ ಕಟ್ಟದೆ ಅವಳ ಕೈಗೆ ಬಿಲ್ಲು ಕೊಡಬೇಡಿ.

ಬಾಣ ಹೂಡುವಾಗ ಮೂರು ಗರಿಗಳಲ್ಲಿ ಬೇರೆ ಬಣ್ಣದ್ದು ಬಿಲ್ಲಿನಿಂದ ಆಚೆಗೆ ಇರಲಿ. ಹೆದೆಯ ಮೇಲೆ ಲೋಹದ ಚಿಕ್ಕ ಉಂಗುರ ಒಂದೇ ಇದ್ದರೆ ನಾಕ್ (ಹೆದೆ ಕೂರುವ, ಬಾಣದ ಹಿಂತುದಿಯ ಸೀಳು) ಅದರ ಕೆಳಗೆ ಕೂರಬೇಕು, 'ಟಕ್' ಎಂಬ ಸದ್ದು ಕೇಳಬೇಕು. ಎಳೆಯುವಾಗ ಬಾಣ ಬಿಲ್ಲಿನಿಂದ ಜಾರಿ ಬೀಳುತ್ತಿದ್ದರೆ ಬಾಣದ ತಪ್ಪಲ್ಲ, ಬೆರಳುಗಳು ನಾಕ್ ಅನ್ನು ಚಿವುಟುತ್ತಿವೆ. ಮೂರು ಬೆರಳನ್ನೂ ಬಾಣದ ಕೆಳಗೇ ಇಟ್ಟರೆ ಈ ತೊಂದರೆ ಹೋಗುತ್ತದೆ. ಬಾಣವೂ ಕಣ್ಣಿಗೆ ಹತ್ತಿರ ಬರುವುದರಿಂದ ಮೇಲೆ ಹೇಳಿದ ಅಂತರವೂ ಕಡಿಮೆಯಾಗುತ್ತದೆ.

ಬಾಣ ಹೂಡದೆ ಹೆದೆ ಎಳೆದು ಬಿಡುವುದನ್ನು ಮಾತ್ರ ಯಾರೂ ಮಾಡಬಾರದು. ಬಾಣಕ್ಕೆ ಹೋಗಬೇಕಾದ ಬಲವೆಲ್ಲ ಬಿಲ್ಲಿನ ರೆಕ್ಕೆಗೇ (ಹಿಡಿಯ ಮೇಲೆ ಕೆಳಗೆ ಬಾಗುವ ಭಾಗ) ವಾಪಸಾಗಿ ರೆಕ್ಕೆ ಸೀಳಬಹುದು, ಚೂರು ಮುಖಕ್ಕೆ ಹಾರಬಹುದು. ಫೋಟೋಗೆ ನಿಂತಾಗ ಆಗುವುದು ಇದೇ. ಮಗಳಿಗೂ ಮೊದಲೇ ಹೇಳಿಡಿ.

ಪೊನ್ನಂಪೇಟೆ_ಬಿಲ್ಲು

ಮೂರು ಬೆರಳು ಕೆಳಗೆ ಎಂಬುದಕ್ಕೆ ನನ್ನದೊಂದು ತಿದ್ದುಪಡಿ. ಆ ಬಿಲ್ಲುಗಳನ್ನು ಒಂದು ಬೆರಳು ಮೇಲೆ, ಎರಡು ಕೆಳಗೆ ಎಂಬ ಹಿಡಿತಕ್ಕೆ ಹೊಂದಿಸಿದ್ದರೆ ಬೆರಳು ಬದಲಿಸಿದಾಗ ಬಾಣದ ಬಾಲ ಮೇಲೆ ಕೆಳಗೆ ಕುಣಿಯಬಹುದು. 10–15 ಮೀಟರಿಗೆ ದೊಡ್ಡ ನಷ್ಟವಿಲ್ಲ. ಆದರೂ ಗೈಡ್ ಹೇಗೆ ತೋರಿಸುತ್ತಾರೋ ಹಾಗೇ ಶುರುಮಾಡಿ, ಬಾಣ ಬೀಳುತ್ತಿದ್ದರೆ ಮಾತ್ರ ಕೇಳಿ ಬದಲಿಸಿ. ನಡುನಡುವೆ ಬದಲಿಸುವುದು ಎರಡಕ್ಕಿಂತಲೂ ಕೆಟ್ಟದ್ದು.

ವಿರಾಜಪೇಟೆ_ರಿಕರ್ವ್

ಕಾಡು ಮತ್ತು ಚಳಿಯ ವಿಷಯ ಯಾರೂ ಎತ್ತಿಲ್ಲ.

ಸೆಪ್ಟೆಂಬರ್ ಕೊನೆಗೆ ಅಲ್ಲಿ ಹಗಲು 5–10 ಡಿಗ್ರಿ, ರಾತ್ರಿ ಸೊನ್ನೆಯ ಹತ್ತಿರ. ದಪ್ಪ ಜಾಕೆಟ್ ಅಡ್ಡ ಬರುವುದು ನಿಜ. ಹೆದೆ ಎಡತೋಳಿನ ಬಟ್ಟೆಗೆ, ಇಲ್ಲವೇ ಎದೆಯ ಜಿಪ್ಪಿಗೆ ತಾಗಿದರೆ ಬಾಣ ಎಡಕ್ಕೆ ಬೀಳುತ್ತದೆ. ಆದ್ದರಿಂದ ಮೈಗೆ ಅಂಟುವ ಉಣ್ಣೆಯ ಎರಡು ಪದರ, ಮೇಲೆ ತೋಳಿಲ್ಲದ ಜಾಕೆಟ್, ಎಡತೋಳಿನ ಮೇಲೆ ಉದ್ದದ ಆರ್ಮ್ ಗಾರ್ಡ್. ಕೊರಳಿನ ಮಫ್ಲರ್, ನೇತಾಡುವ ದಾರ, ಉದ್ದ ಓಲೆ, ಬಿಚ್ಚಿದ ಜಡೆ ಯಾವುದೂ ಹೆದೆಯ ದಾರಿಗೆ ಬರಬಾರದು. ಎಡಗೈಗೆ ತೆಳು ಗ್ಲೌಸ್ ಪರವಾಗಿಲ್ಲ, ಬಲಗೈಗೆ ಫಿಂಗರ್ ಟ್ಯಾಬ್ (ಹೆದೆ ಎಳೆಯುವ ಬೆರಳನ್ನು ಕಾಯುವ ತುಂಡು) ಮಾತ್ರ. ಬೆರಳು ಮರಗಟ್ಟಿದರೆ ಹೆದೆ ಎಲ್ಲಿ ಕೂತಿದೆ ಎಂದೇ ತಿಳಿಯುವುದಿಲ್ಲ. ನಡುವೆ ಕೈ ಜೇಬಿನಲ್ಲಿರಲಿ.

ಕಾಲಿಗೆ ತೋಟದ ಗಂಬೂಟೇ ಸರಿ, ಅಲ್ಲಿನ ಕಾಡಿನಲ್ಲಿ ಜೌಗು ಬಹಳ. ನಮ್ಮಲ್ಲಿಯಂಥ ನೆಲದ ಜಿಗಣೆ ಇಲ್ಲ. ಜೂನ್–ಜುಲೈನ ಸೊಳ್ಳೆ ಕಾಟವೂ ಅಷ್ಟು ಹೊತ್ತಿಗೆ ಬಹುಮಟ್ಟಿಗೆ ಮುಗಿದಿರುತ್ತದೆ.

ಆ ಸಮಯದಲ್ಲಿ ನಡುಹಗಲಿಗೂ ಸೂರ್ಯ ದಿಗಂತದಿಂದ 23 ಡಿಗ್ರಿ ಮೇಲೇರುವುದಿಲ್ಲ. ಬೆಳಕು ಪೈನ್ ಮರಗಳ ನಡುವೆ ಅಡ್ಡಡ್ಡ ಬಂದು ಕಣ್ಣಿಗೆ ಹೊಡೆಯುತ್ತದೆ. ಟೋಪಿಯ ಅಂಚು ಹೆದೆಗೆ ತಾಗುವುದರಿಂದ ಅಂಚನ್ನು ಹಿಂದಕ್ಕೆ ತಿರುಗಿಸಿಕೊಳ್ಳುತ್ತಾರೆ, ಆಗ ನೆರಳೂ ಸಿಗುವುದಿಲ್ಲ. ಕಿರಿದಾದ ಅಂಚಿನ ಟೋಪಿ ಒಯ್ಯಿರಿ.

ಬಾಣ ಕಳೆಯುವುದು ಅಲ್ಲಿನ ನಿತ್ಯದ ಗೋಳು. ಕಾಫಿ ಗಿಡದ ಬುಡದ ದರಗಿನಲ್ಲಿ ಬಾಣ ಹೇಗೆ ಮಾಯವಾಗುತ್ತದೋ, ಅಲ್ಲಿ ಪಾಚಿಯ ಮೆತ್ತೆಯಡಿ ಹಾಗೇ ಅಡ್ಡಡ್ಡ ತೂರಿ ಗರಿಯ ಸಮೇತ ಮುಚ್ಚಿಹೋಗುತ್ತದೆ. ತಪ್ಪಿದ ಬಾಣ ಯಾವ ಮರದ ಎಡಕ್ಕೋ ಬಲಕ್ಕೋ ಹೋಯಿತು ಎಂದು ನಿಂತಲ್ಲಿಂದಲೇ ಗುರುತಿಟ್ಟುಕೊಳ್ಳಿ. ಗುರಿಯ ಹಿಂದೆ ಎರಡು ಮೂರು ಮೀಟರಿನಿಂದ ಹುಡುಕಲು ಶುರುಮಾಡಿ, ಪಾಚಿಯಲ್ಲಿ ಸೀಳಿದ ಗೆರೆ ನೋಡಿ. ಬೂಟಿನಲ್ಲಿ ಕೆದಕಬೇಡಿ. ಕಾರ್ಬನ್ ಬಾಣ ತುಳಿದರೆ ಕಣ್ಣಿಗೆ ಕಾಣದ ಬಿರುಕು ಬರುತ್ತದೆ, ಮುಂದಿನ ಸಲ ಬಿಟ್ಟಾಗ ಒಡೆದು ಕೈಗೆ ನಾಟುತ್ತದೆ. ಕಲ್ಲಿಗೋ ಮರಕ್ಕೋ ಬಡಿದ ಕಾರ್ಬನ್ ಬಾಣವನ್ನು ಮುಖದಿಂದ ದೂರ ಹಿಡಿದು ಸ್ವಲ್ಪ ಬಾಗಿಸಿ, ತಿರುಗಿಸಿ, ಮತ್ತೆ ಬಾಗಿಸಿ. ಚಿಟಿಚಿಟಿ ಸದ್ದು ಬಂದರೆ ಗೈಡ್‌ಗೆ ಕೊಟ್ಟುಬಿಡಿ.

ಫೋಮಿನಿಂದ ಬಾಣ ಕೀಳುವಾಗ ಒಂದು ಅಂಗೈ ಗುರಿಗೆ ಒತ್ತಿ, ಇನ್ನೊಂದು ಕೈಯಲ್ಲಿ ಬಾಣವನ್ನು ಬುಡದಲ್ಲೇ ಹಿಡಿದು ನೇರ ಹಿಂದಕ್ಕೆ. ಹಿಂದೆ ಯಾರೂ ನಿಂತಿರಬಾರದು, ಮಕ್ಕಳ ಕಣ್ಣು ಸರಿಯಾಗಿ ನಾಕ್‌ನ ಎತ್ತರಕ್ಕೇ ಇರುತ್ತದೆ. ಸೀಟಿಯ ಅರ್ಥವನ್ನೂ ಮಗಳಿಗೆ ಹೇಳಿಕೊಡಿ. ಸಾಮಾನ್ಯ ಪದ್ಧತಿಯಲ್ಲಿ ಎರಡು ಸೀಟಿ ಗೆರೆಗೆ ಬನ್ನಿ, ಒಂದು ಬಿಡಬಹುದು, ಮೂರು ಬಾಣ ತರಬಹುದು, ಐದು ಅಥವಾ ಹೆಚ್ಚು ಅಂದರೆ ತಕ್ಷಣ ನಿಲ್ಲಿಸಿ.

ಹಿಮಸಾರಂಗ ಬಂದು ಗುರಿಯ ಹಿಂದೆ ನಿಲ್ಲಬಹುದು. ಬೇಲಿಯಿಲ್ಲದೆ ಅಲೆದರೂ ಪ್ರತಿಯೊಂದಕ್ಕೂ ಒಡೆಯರಿದ್ದಾರೆ. ಕಂಡರೆ ಬಿಲ್ಲು ಇಳಿಸಿ ಕಾಯಿರಿ. ಶರತ್ಕಾಲ ಅಲ್ಲಿ ಮೂಸ್ ಬೇಟೆಯ ಕಾಲವೂ ಹೌದು, ಗೈಡ್ ಕಿತ್ತಳೆ ಬಣ್ಣದ ಅಂಗಿ ಕೊಟ್ಟರೆ ಫೋಟೋ ಚೆನ್ನಾಗಿ ಬರುವುದಿಲ್ಲವೆಂದು ಕಳಚಬೇಡಿ.

ಸುಂಟಿಕೊಪ್ಪ_ತೋಟ

ತುಂಬಾ ಉಪಕಾರವಾಯಿತು. ಇನ್ನೆರಡು ಪ್ರಶ್ನೆ. ಒಂದು ಹಗುರ ಬಿಲ್ಲು ತರಿಸಿ ತೋಟದಲ್ಲೇ ನಾಲ್ಕು ದಿನ ಅಭ್ಯಾಸ ಮಾಡಬಹುದೇ? ಮತ್ತೆ, ಹೆಂಡತಿ ಬಲಗೈಯವಳು, ಆದರೆ ಎರಡು ಅಂಗೈ ಸೇರಿಸಿ ಕಿಂಡಿ ಮಾಡಿ ದೂರದ ಮರ ನೋಡುವ ಪರೀಕ್ಷೆಯಲ್ಲಿ ಪ್ರಧಾನ ಕಣ್ಣು ಎಡಗಣ್ಣು ಎಂದು ಬಂತು.

ಕಣದಂಚು

ತೋಟದಲ್ಲಿ ಮಾಡಬಹುದು, ಹಿಂದೆ ಬರೆ (ಕಡಿದಾದ ಮಣ್ಣಿನ ದಿಬ್ಬ) ಇರುವ ಜಾಗ ಆರಿಸಿ. 20 ಪೌಂಡಿನ ಬಿಲ್ಲಿನ ಬಾಣವೂ ಮೇಲ್ಮುಖವಾಗಿ ತಪ್ಪಿದರೆ ನೂರು ಮೀಟರಿಗೂ ಹೆಚ್ಚು ದೂರ ಹೋಗಬಹುದು, ಆದ್ದರಿಂದ ಲೈನ್‌ಮನೆ, ರಸ್ತೆ, ಕೆಲಸದವರು ಓಡಾಡುವ ದಾರಿ ಆ ದಿಕ್ಕಿಗೆ ಇರಬಾರದು. ಗೋಣಿಚೀಲದಲ್ಲಿ ಹಳೆ ಬಟ್ಟೆ ತುಳಿದು ತುಳಿದು ತುಂಬಿ, ಬಾಯಿ ಹೊಲಿದು ಬರೆಗೆ ಒರಗಿಸಿ. ಕಾಫಿ ಹೊಟ್ಟು ತುಂಬಿದರೆ ಬಾಣ ತೂರಿಹೋಗುತ್ತದೆ. 5 ಮೀಟರಿನಿಂದ ಶುರು, ಮೂರು ಬಾಣ ಅಂಗೈ ಅಗಲದಲ್ಲಿ ಕೂತ ಮೇಲೆ 10.

ಬಿಲ್ಲನ್ನು ನಾಗರಹೊಳೆ, ಬ್ರಹ್ಮಗಿರಿ, ಪುಷ್ಪಗಿರಿ, ತಲಕಾವೇರಿ ಕಡೆಯ ಸಂರಕ್ಷಿತ ಕಾಡಿನೊಳಗೆ ಮಾತ್ರ ಒಯ್ಯಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಬಿಲ್ಲುಬಾಣವೂ ಆಯುಧವೇ. ಕೋವಿಗೆ ಸಿಗುವ ಕೊಡಗಿನ ಲೈಸೆನ್ಸ್ ವಿನಾಯಿತಿ ನೆನೆದು ಇದೂ ನಡೆಯುತ್ತದೆ ಎಂದುಕೊಳ್ಳುವವರಿದ್ದಾರೆ, ನಡೆಯುವುದಿಲ್ಲ. ಫಿನ್‌ಲ್ಯಾಂಡಿನಲ್ಲೂ ಯಾರದೇ ಕಾಡಿನಲ್ಲಿ ನಡೆದು ಹಣ್ಣು, ಅಣಬೆ ಕೀಳುವ ಹಕ್ಕು ಎಲ್ಲರಿಗೂ ಇದೆ, ಎಲ್ಲೆಂದರಲ್ಲಿ ಬಾಣ ಬಿಡುವುದು ಅದರಲ್ಲಿ ಸೇರಿಲ್ಲ.

ಪೊನ್ನಂಪೇಟೆ_ಬಿಲ್ಲು

ಎಡಗಣ್ಣಿನ ವಿಷಯ: ಬಲಗೈಯಿಂದ ಎಳೆದು ಎಡಗಣ್ಣಿನಲ್ಲಿ ನೋಡಿದರೆ ಬಾಣ ಗುರಿಯ ಎಡಕ್ಕೆ, ಅದೂ ಬಹಳ ದೂರ ಹೋಗುತ್ತದೆ. ಅವರು ಕೋವಿಯನ್ನೂ ಹಿಡಿದವರಲ್ಲವಾದ್ದರಿಂದ ಮರೆಯಬೇಕಾದ ಅಭ್ಯಾಸವಿಲ್ಲ. ಮೊದಲ ದಿನದಿಂದಲೇ ಎಡಗೈ ಬಿಲ್ಲು, ಅಂದರೆ ಬಲಗೈಯಲ್ಲಿ ಹಿಡಿದು ಎಡಗೈಯಿಂದ ಎಳೆಯುವಂಥದ್ದು, ಕೊಡಿಸಿ. ಇಂಥ ಬಿಲ್ಲು ಎಲ್ಲ ಕಡೆ ಇರುವುದಿಲ್ಲ. ಇವತ್ತೇ ಆಯೋಜಕರಿಗೆ ಇಮೇಲ್ ಹಾಕಿ ಎಡಗೈಯದು 18 ಪೌಂಡಿನ ಒಂದು, ಮಗುವಿನದು 54 ಇಂಚಿನ ಒಂದು, ಎರಡನ್ನೂ ಒಟ್ಟಿಗೆ ಕೇಳಿ. ಎಡಗೈಯದು ಇಲ್ಲವೆಂದರೆ ಬಲಗೈ ಬಿಲ್ಲೇ ಸಾಕು, ಎಳೆಯುವಾಗ ಎಡಗಣ್ಣು ಮುಚ್ಚಬೇಕು. ಮುಚ್ಚಲು ಬಾರದಿದ್ದರೆ ಕನ್ನಡಕದ ಎಡಗಾಜಿಗೆ ಅರೆಪಾರದರ್ಶಕ ಟೇಪ್ ಅಂಟಿಸಿ.